ನ್ಯಾಯದ ಕಲ್ಲಿಗೆ ಎಣ್ಣೆಸ್ನಾನ

ಒಂದು ಊರು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಆ ಊರಿನವರು ನಮ್ಮ ಮರ್ಯಾದೆ ಹೋಯಿತೆಂದು ದೊಣ್ಣೆ ಹಿಡಿದು ಬರುತ್ತಾರೆ. ಹೇಳದಿದ್ದರೆ ಇದು ಪಕ್ಕದೂರಿನ ಕಥೆ ಎಂದುಕೊಂಡು ನಗುತ್ತಾ ಕೇಳುತ್ತಾರೆ. ನಗಲಿ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಮದುವೆಯಾದ ದಿನ ಗಂಡು ಹೆಣ್ಣಿನ ಹೆಗಲ ಮೇಲೆ ಒಂದು ಬಿದಿರ ಗಳ ಇಡುತ್ತಿದ್ದರು. ಒಂದು ತುದಿ ಅವನ ಹೆಗಲಿಗೆ, ಇನ್ನೊಂದು ತುದಿ ಅವಳ ಹೆಗಲಿಗೆ. ಗಳದ ನಟ್ಟನಡುವೆ ಹಗ್ಗದಲ್ಲಿ ಒಂದು ತಾಮ್ರದ ಕೊಡ, ಕೊಡದ ತುಂಬ ನೀರು. ಅಂದಿನಿಂದ ಹೊಸ್ತಿಲು ದಾಟಬೇಕಾದರೆ ಗಳ ಹೊತ್ತೇ ದಾಟಬೇಕು. ಸಂತೆಗೆ ಹೋದರೂ ಗಳ, ಸಾವಿನ ಮನೆಗೆ ಹೋದರೂ ಗಳ. ನೀರು ತುಳುಕಬಾರದು. ತುಳುಕಿದರೆ ಮನೆತನದ ಮಾನವೇ ತುಳುಕಿದಂತೆ. ಬಿಸಿಲಿಗೆ ಆರಿಹೋದಷ್ಟು ನೀರನ್ನು ಪ್ರತಿ ಅಮಾವಾಸ್ಯೆಗೆ ಹೆಂಡತಿ ತುಂಬಿಸಬೇಕು.

ಕೇಳುವುದಕ್ಕೆ ಎಷ್ಟು ಚೆಂದ! ಇಬ್ಬರು ಮನುಷ್ಯರು, ಒಂದು ಭಾರ, ಸಮಪಾಲು. ಮದುವೆಯ ಊಟ ಉಂಡವರೆಲ್ಲ ಎಲೆ ಎತ್ತುವ ಮೊದಲೇ ಈ ಮಾತು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಗಳಕ್ಕೆ ನೇತುಹಾಕಿದ ಕೊಡ ಮದುವೆಯ ಊಟ ಉಂಡಿರುವುದಿಲ್ಲವಲ್ಲ. ಅದು ತಗ್ಗು ಕಂಡ ಕಡೆ ಜಾರುತ್ತದೆ. ಏರು ಹತ್ತುವಾಗ ಹಿಂದಿದ್ದವರ ಕಡೆಗೆ ಜಾರುತ್ತದೆ, ಇಳಿಜಾರಿನಲ್ಲಿ ಮುಂದಿದ್ದವರ ಕಡೆಗೆ ಜಾರುತ್ತದೆ. ಇದನ್ನು ಆ ಊರಿನ ಗಂಡಂದಿರು ಮದುವೆಯಾದ ಮೂರನೆಯ ದಿನವೇ ಕಲಿತುಬಿಡುತ್ತಿದ್ದರು. ಏರು ಬಂದರೆ "ನಾನು ಮುಂದೆ ಇರ್ತೀನಿ, ದಾರಿ ತೋರಿಸ್ತೀನಿ" ಎನ್ನುವರು. ಇಳಿಜಾರು ಬಂದರೆ "ನೀನು ಮುಂದೆ ನಡಿ, ಹಿಂದಿನಿಂದ ನೋಡ್ಕೋತೀನಿ" ಎನ್ನುವರು. ಎರಡಕ್ಕೂ ಪ್ರೀತಿ ಎಂದೇ ಹೆಸರು.

ಇನ್ನೊಂದು ಸಣ್ಣ ವಿನಾಯಿತಿಯೂ ಇತ್ತು. ಗಂಡಸು ಒಬ್ಬನೇ ಹೊರಗೆ ಹೋಗಬೇಕಾದರೆ ಕಿರುಬೆರಳಿಗೆ ಒಂದು ಬಿದಿರಿನ ಸೀಳು ಸುತ್ತಿಕೊಂಡರೆ ಸಾಕು, ಗಳ ಹೊತ್ತಂತೆಯೇ. ಹೆಂಗಸು ಒಬ್ಬಳೇ ಹೋಗಬೇಕಾದರೆ ಗಳವನ್ನೂ ಕೊಡವನ್ನೂ ತಾನೇ ಹೊತ್ತು, ಗಂಡನ ತುದಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಬೇಕು. ಊರಿನ ಬೀದಿಗಳ ಧೂಳಿನ ತುಂಬ ಆ ತುದಿಗಳು ಎಳೆದ ಗೆರೆಗಳೇ. ಹಿರಿಯರು ಆ ಗೆರೆಗಳನ್ನು ನೋಡಿ, "ನೋಡಿ, ನಮ್ಮೂರಲ್ಲಿ ಗಂಡ ಹೆಂಡಿರು ಎಷ್ಟು ಅನ್ಯೋನ್ಯವಾಗಿ ಓಡಾಡ್ತಾರೆ" ಎಂದು ಹೊರಗಿನವರಿಗೆ ತೋರಿಸುತ್ತಿದ್ದರು.

ನಮ್ಮ ಕಥೆಯ ಹೆಂಡತಿ ಹನ್ನೆರಡು ವರ್ಷ ಹೊತ್ತಳು. ಮೊದಲು ಕೊಡ ಜಾರಿ ಅವಳ ತುದಿಗೆ ಬಂತು. ಆಮೇಲೆ ಗಂಡ ತನ್ನ ಮೇಲುಹೊದಿಕೆಯನ್ನು ಗಳಕ್ಕೆ ನೇತುಹಾಕಿದ. ಆಮೇಲೆ ಕೊಡೆ. ಆಮೇಲೆ ಚಪ್ಪಲಿ, ಯಾಕೆಂದರೆ ಮರಳಿನಲ್ಲಿ ಬರಿಗಾಲಲ್ಲಿ ನಡೆಯುವುದು ಅವನ ಆರೋಗ್ಯಕ್ಕೆ ಒಳ್ಳೆಯದಂತೆ. ಒಂದು ದಿನ ಏರುದಾರಿಯಲ್ಲಿ ಅವನೇ ಗಳದ ಮೇಲೆ ಕುಳಿತುಬಿಟ್ಟ. ಕಾಲು ಆಡಿಸುತ್ತಾ ಕುಳಿತ. ಎದುರಿಗೆ ಬಂದವರು ಯಾರೂ ಬೆರಗಾಗಲಿಲ್ಲ. "ಹೆಂಡತಿ ಮೇಲೆ ಎಷ್ಟು ನಂಬಿಕೆ ನೋಡು ಪುಣ್ಯಾತ್ಮನಿಗೆ" ಎಂದರು. ಅವಳ ಎಡ ಹೆಗಲಿನ ಚರ್ಮ ಗಟ್ಟಿಯಾಗಿ, ಒಡೆದು, ಮತ್ತೆ ಗಟ್ಟಿಯಾಗಿತ್ತು. ನಡೆಯುವಾಗ ಅವಳು ಒಂದು ಕಡೆಗೆ ವಾಲುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಆ ಊರಿನ ಎಲ್ಲ ಹೆಂಗಸರೂ ಅದೇ ಕಡೆಗೆ ವಾಲುತ್ತಿದ್ದರು.

ಇಷ್ಟಾದರೂ ಅವಳು ಸುಮ್ಮನಿದ್ದಳು. ಅವಳಿಗೆ ಎಂಟು ವರ್ಷದ ಮಗಳಿದ್ದಳು. ಒಂದು ಮಧ್ಯಾಹ್ನ ಮಗಳು ಹಿತ್ತಲಿನಲ್ಲಿ ಕಸಪೊರಕೆಯ ಕೋಲನ್ನು ಹೆಗಲಿಗಿಟ್ಟುಕೊಂಡು, ಅದಕ್ಕೊಂದು ಚೊಂಬು ಕಟ್ಟಿಕೊಂಡು ಆಚೀಚೆ ನಡೆದಾಡುತ್ತಿದ್ದಳು. ಕೋಲಿನ ಇನ್ನೊಂದು ತುದಿ ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ಮಗಳು ನಿಂತು, ನಡುವೆ ಇದ್ದ ಚೊಂಬನ್ನು ತನ್ನ ಕತ್ತಿನ ಹತ್ತಿರಕ್ಕೆ ಸರಿಸಿಕೊಂಡಳು.

"ಹೀಗೇ ಅಲ್ವಾ ಅಮ್ಮ ಹಾಕ್ಕೋಬೇಕು?" ಎಂದು ಕೇಳಿದಳು.

ತಾಯಿ ಚೊಂಬು ಬಿಚ್ಚಿ ಒಳಗಿಟ್ಟಳು, ಕೋಲನ್ನು ಮುರಿದು ಒಲೆಗೆ ಹಾಕಿದಳು. ತನ್ನ ಗಳ ಇಳಿಸಬೇಕು ಎಂದು ಅವಳು ನಿಶ್ಚಯ ಮಾಡಿದ್ದು ಆ ಒಲೆಯ ಮುಂದೆ.

ಗಳ ಇಳಿಸುವುದಕ್ಕೆ ಆ ಊರಿನಲ್ಲಿ ಒಂದು ಬೀದಿಯೇ ಇತ್ತು. ಇಳಿಸುವವರ ಬೀದಿ. ಅಲ್ಲಿ ಕರಿ ಶಾಲು ಹೊದ್ದ ಇಳಿಸುವವರು ಸಾಲು ಸಾಲು ಮನೆ ಮಾಡಿಕೊಂಡಿದ್ದರು. ಊರ ನಡುವಿನ ಕಟ್ಟೆಯ ಮೇಲೆ ನ್ಯಾಯದ ಕಲ್ಲು ಇದೆಯಲ್ಲ, ಆ ಕಲ್ಲಿನ ಮುಂದೆ ನಿಂತು ಗಳ ಹೊತ್ತವರ ಪರವಾಗಿ ಮಾತಾಡುವುದು ಅವರ ಕಸುಬು. ಕಲ್ಲಿನಲ್ಲಿ ಕಟ್ಟಳೆಗಳೆಲ್ಲ ಅಡಗಿವೆ, ಅದು ಇಳಿಸುವವರಿಗೆ ಮಾತ್ರ ಅರ್ಥವಾಗುತ್ತದೆ ಎಂದು ಊರು ನಂಬಿತ್ತು. ನಂಬಿಸಿದವರು ಯಾರು ಎಂದು ಕೇಳಬೇಡಿ, ಕರಿ ಶಾಲು ನೋಡಿಕೊಳ್ಳಿ. ಗಳ ಇಳಿಸಿದ ಹೆಂಗಸಿನ ಬಗ್ಗೆ ಊರಿನಲ್ಲಿ ಒಂದೇ ಮಾತಿತ್ತು: ಅವಳು ಮನೆ ಬಿಡಬೇಕು, ತಂದದ್ದನ್ನು ಬಿಡಬೇಕು, ಮಕ್ಕಳನ್ನು ಬಿಡಬೇಕು, ಒದ್ದೆ ಸೀರೆಯಲ್ಲಿ ತೆಂಕಣ ಬಾಗಿಲಿನಿಂದ ಆಚೆ ಹೋಗಬೇಕು. ಮನೆ ಹೋಗಲಿ, ತಂದದ್ದೂ ಹೋಗಲಿ. ಮಗಳನ್ನು ಮಾತ್ರ ಬಿಡಲಾರೆ. ಬಿಟ್ಟು ಹೋದರೆ ನಾಳೆ ಅವಳ ಹೆಗಲಿಗೂ ಗಳ ಬರುತ್ತದೆ, ಕೊಡ ಸರಿಸುವುದನ್ನು ಅವಳು ಆಗಲೇ ಕಲಿತಿದ್ದಾಳೆ. ತಾಯಿಯನ್ನು ಸುಡುತ್ತಿದ್ದುದು ಇದೊಂದೇ ಯೋಚನೆ.

ಮೊದಲನೆಯ ಇಳಿಸುವವನ ಮನೆಗೆ ಏಳು ಮೆಟ್ಟಿಲು. ಗಳ ಇಳಿಸಲು ಜನ ಬರುವ ಮನೆಯ ಬಾಗಿಲಿಗೆ ಏಳು ಮೆಟ್ಟಿಲು ಕಟ್ಟಿಸುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಅವಳು ಗಳ ಹೊತ್ತು, ಕೊಡ ತುಳುಕದಂತೆ ಒಂದೊಂದೇ ಮೆಟ್ಟಿಲು ಹತ್ತಿದಳು. ಅವನು ಮಣೆಯ ಮೇಲೆ ಕುಳಿತು ನೋಡುತ್ತಿದ್ದ. ಅವನ ಮೀಸೆಯ ಅಂಚಿಗೆ ಏನೋ ಬೆಳ್ಳಗೆ ಹತ್ತಿತ್ತು.

"ನಿನ್ನ ಗಂಡ ಒಪ್ಪಿದ್ದಾನೇನಮ್ಮ?"

"ಒಪ್ಪಿದ್ದರೆ ನಾನು ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸ್ವಾಮಿ?"

"ಗಂಡ ಒಪ್ಪದೆ ಗಳ ಇಳಿಯಲ್ಲ. ಕಲ್ಲು ಹಾಗೆ ಹೇಳುತ್ತೆ. ಕಲ್ಲೇ ಬಲ್ಲದು." ಅವನು ಕಣ್ಣು ಮುಚ್ಚಿ ಕೈ ಮುಗಿದ. ಅವಳು ಏಳು ಮೆಟ್ಟಿಲು ಇಳಿದಳು.

ಎರಡನೆಯವನು ಅವಳನ್ನು ಅಂಗಳದಲ್ಲೇ ನಿಲ್ಲಿಸಿದ. "ಹೆಗಲು ತೋರಿಸು" ಎಂದ. ಅವಳು ಸೆರಗು ಸರಿಸಿ ತೋರಿಸಿದಳು. ದನ ಕೊಳ್ಳುವವರು ಹಲ್ಲು ನೋಡುವಂತೆ ಅವನು ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಅವನ ಮೇಲ್ದುಟಿಯ ಮೇಲೂ ಬೆಳ್ಳಗಿನ ಗೆರೆ.

"ಇಷ್ಟೇನಾ? ಇದು ಸಾಲದು ತಾಯಿ. ಎಲ್ಲ ಮನೆಯಲ್ಲೂ ಇರೋ ಗಾಯ ಇದು. ಮೂಳೆ ಕಂಡ ಮೇಲೆ ಬಾ."

"ಮೂಳೆ ಕಾಣೋ ಹೊತ್ತಿಗೆ ನಾನಿರ್ತೀನಾ?"

"ಅದಕ್ಕೇ ಹೇಳೋದು, ಆತುರ ಬೇಡ ಅಂತ. ಮುಂದಿನ ಹುಣ್ಣಿಮೆಗೆ ಬಾ, ನೋಡೋಣ. ಕಲ್ಲೇ ಬಲ್ಲದು."

ಮುಂದಿನ ಹುಣ್ಣಿಮೆಗೆ ಹೋದಳು. ಅದರ ಮುಂದಿನ ಹುಣ್ಣಿಮೆಗೆ ಬಾ ಎಂದ. ಹೀಗೆ ನಾಲ್ಕು ಹುಣ್ಣಿಮೆ ಕಳೆದವು. ಇಳಿಸುವವರು ಹುಣ್ಣಿಮೆಗಳನ್ನು ತಿಂದೇ ದಪ್ಪಗಾಗುವುದು ಎಂದು ಅವಳಿಗೆ ಆಮೇಲೆ ಅರ್ಥವಾಯಿತು.

ಮೂರನೆಯವನು ಬಲು ಮೃದು ಮಾತಿನವನು. "ತಂಗಿ" ಎಂದು ಕರೆದು, ಮಣೆ ಹಾಕಿಸಿ, ಕುಡಿಯಲು ಬೆಲ್ಲದ ಪಾನಕ ಕೊಟ್ಟ. "ಹೊಂದಿಕೊಂಡು ಹೋಗು ತಂಗಿ. ಇಳಿಸಿದರೆ ಏನಾಗುತ್ತೆ ಗೊತ್ತಲ್ಲ? ಮಗು ಅಪ್ಪನದು. ನೀನು ಒದ್ದೆ ಸೀರೆ. ಆ ಮಗುವಿನ ಮುಖ ನೋಡಿಯಾದರೂ ಹೊತ್ಕೋ" ಎಂದು ತನ್ನ ಕಣ್ಣಲ್ಲೇ ನೀರು ತಂದುಕೊಂಡ. ಮಗುವಿನ ಮುಖ ನೋಡಿಯೇ ಬಂದವಳಿಗೆ ಮಗುವಿನ ಮುಖ ನೋಡು ಎನ್ನುವ ಇಂಥವರಿಗೆ ಏನು ಹೇಳುವುದು? ಅವಳು ಎದ್ದು ಬಂದಳು. ಅವನ ಬಾಯಿಯ ಸುತ್ತಲೂ ಅದೇ ಬಿಳಿ ಗೆರೆ.

ನಾಲ್ಕನೆಯವನು ಹೊಸಬ, ಕರಿ ಶಾಲಿನ ಮಡಿಕೆ ಇನ್ನೂ ಮಾಸಿರಲಿಲ್ಲ. ಅವಳನ್ನು ಕಂಡೊಡನೆ ಬಾಗಿಲಿಗೆ ಬಂದು ತಲೆ ತಗ್ಗಿಸಿದ.

"ನನ್ನ ಕೈಲಿ ಆಗಲ್ಲಮ್ಮ. ನಾನೂ ಮಜ್ಜಿಗೆ ಕುಡಿದುಬಿಟ್ಟೆ."

"ಯಾವ ಮಜ್ಜಿಗೆ?"

"ನಿಮ್ಮ ಮನೆಯದೇ. ಒಂದು ಮನೆಯವರ ಮಜ್ಜಿಗೆ ಕುಡಿದ ಮೇಲೆ ಅವರ ವಿರುದ್ಧ ಬಾಯಿ ಬಿಡಬಾರದು ಅಂತ ನಮ್ಮ ಬೀದಿಯ ನೇಮ. ನಿಮ್ಮ ಯಜಮಾನರು ಹೋದ ಬೇಸಿಗೆಯಲ್ಲೇ ಕೊಡಪಾನ ಹೊರಿಸಿಕೊಂಡು ಬಂದು ಬೀದಿಯಲ್ಲಿ ಒಂದು ಮನೆ ಬಿಡದೆ ಎಲ್ಲರಿಗೂ ಕುಡಿಸಿಹೋದರು. ಶುಂಠಿ, ಕರಿಬೇವು, ಇಂಗು ಹಾಕಿದ್ದು. ತುಂಬಾ ಚೆನ್ನಾಗಿತ್ತು." ಹೇಳಿ, ಹೇಳಬಾರದಿತ್ತೇನೋ ಎಂದು ತುಟಿ ಒರೆಸಿಕೊಂಡ. ಗೆರೆ ಹೋಗಲಿಲ್ಲ.

ಅವಳಿಗೆ ಹೋದ ಬೇಸಿಗೆ ನೆನಪಾಯಿತು. ದಾರಿಹೋಕರಿಗೆ ಅರವಟ್ಟಿಗೆ ಇಡುತ್ತೇನೆ, ಪುಣ್ಯದ ಕೆಲಸ, ಜಾಸ್ತಿ ಮಜ್ಜಿಗೆ ಕಡೆದುಕೊಡು ಎಂದು ಗಂಡ ಹೇಳಿದ್ದ. ಅವಳು ಒಂದು ತಿಂಗಳು ಬೆಳಗಾಗೆದ್ದು ಕಡೆದಿದ್ದಳು. ಯಾರೋ ಬಾಯಾರಿದವರು ಕುಡಿಯುತ್ತಾರೆ ಎಂದು ಶುಂಠಿ ಜಜ್ಜಿ ಹಾಕಿದ್ದಳು, ಒಗ್ಗರಣೆಗೆ ಇಂಗನ್ನು ಕೈ ಬಿಚ್ಚಿ ಹಾಕಿದ್ದಳು. ಅವಳು ಒಂದು ದಿನ ಕೇಳಬಹುದು ಎಂದು ಅವನಿಗೆ ಅವಳಿಗಿಂತ ಮೊದಲೇ ಗೊತ್ತಿತ್ತು. ಅವಳ ಬಾಯಿ ಕಟ್ಟುವ ಮಜ್ಜಿಗೆಯನ್ನು ಅವಳ ಕೈಯಿಂದಲೇ ಕಡೆಸಿದ್ದ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಬೀದಿಯ ಕೊನೆಯಲ್ಲಿ ಎಣ್ಣೆಯಜ್ಜಿಯ ಅಂಗಡಿ. ನ್ಯಾಯದ ಕಲ್ಲಿಗೆ ಹಚ್ಚುವ ಹರಳೆಣ್ಣೆಯನ್ನು ಕೊಡುತ್ತಿದ್ದವಳು ಈ ಮುದುಕಿ. ಅವಳ ತಾಯಿ, ಅಜ್ಜಿ ಎಲ್ಲರೂ ಅದನ್ನೇ ಮಾಡಿದವರು. ಬೀದಿಯವರೆಲ್ಲ ಮಜ್ಜಿಗೆ ಕುಡಿದಿದ್ದರು, ಅಜ್ಜಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ಎಣ್ಣೆ ಮಾರುವ ಮುದುಕಿಯ ಬಾಯಿ ಕಟ್ಟಬೇಕು ಎಂದು ಯಾರಿಗೆ ತೋಚುತ್ತದೆ? ಹೆಂಡತಿ ಅಂಗಡಿಯ ಮುಂದೆ ನಿಂತು ಉಸಿರು ಬಿಟ್ಟಳು. ಅಜ್ಜಿ ಎದ್ದು ಬಂದು ಗಳದ ಇನ್ನೊಂದು ತುದಿಯನ್ನು ನೆಲದಿಂದ ಎತ್ತಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ಹೆಗಲಿಗೆ ಅಷ್ಟು ಹಗುರವಾದದ್ದು ಅವಳಿಗೆ ಎಷ್ಟೋ ವರ್ಷದ ಮೇಲೆ.

"ಯಾರೂ ಸಿಗಲಿಲ್ವಾ ಮಗಳೇ?"

"ಎಲ್ಲರೂ ಮಜ್ಜಿಗೆ ಕುಡಿದವರೇ ಅಜ್ಜಿ. ಎಲ್ಲರೂ ಕಲ್ಲು ಹಾಗೆ ಹೇಳುತ್ತೆ, ಹೀಗೆ ಹೇಳುತ್ತೆ ಅಂತಾರೆ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅವರು ಯಾರೂ ಕಲ್ಲು ನೋಡಿಲ್ಲ ಕಣೇ. ಎಣ್ಣೆ ನೋಡಿದ್ದಾರೆ ಅಷ್ಟೆ. ನಾನು ಸಣ್ಣವಳಿದ್ದಾಗ ಒಂದು ಬೇಸಿಗೆ ಬಿಸಿಲು ಎಷ್ಟಿತ್ತು ಅಂದ್ರೆ, ಹೆಪ್ಪುಗಟ್ಟಿದ ಎಣ್ಣೆ ಒಂದು ಕಡೆ ಕರಗಿ ಅಂಗೈಯಷ್ಟು ಜಾಗ ಬಿಟ್ಟಿತು. ಅದರಲ್ಲಿ ಅಕ್ಷರ ಇತ್ತು. ನಾವು ಮರಳಲ್ಲಿ ತಿದ್ದಿದ್ವಲ್ಲ, ಅದೇ ಅಕ್ಷರ. 'ಕೇಳಿದವರಿಗೆ' ಅಂತ ಇತ್ತು. ಅಷ್ಟು ಓದೋ ಹೊತ್ತಿಗೆ ನಮ್ಮಮ್ಮ ಬಂದು ಎಣ್ಣೆ ಹಚ್ಚಿಬಿಟ್ಟಳು."

"ಕೇಳಿದವರಿಗೆ, ಆಮೇಲೆ?"

"ಆಮೇಲೆ ಏನು ಅಂತ ಅರವತ್ತು ವರ್ಷದಿಂದ ನಾನೂ ಕೇಳ್ಕೊಳ್ತಾ ಇದೀನಿ. ನನ್ನ ಕಣ್ಣು ಈಗ ಹೋಯ್ತು. ನಿನಗೆ ಓದು ಬರುತ್ತಲ್ಲ?"

"ನಾಲ್ಕನೇ ತರಗತಿವರೆಗೆ."

"ಸಾಕು. ಒಂದು ಮಾತು ಕೇಳು. ಎಣ್ಣೆ ಹಚ್ಚೋಕೆ ಇಳಿಸುವವರು ಬೇಕಿಲ್ಲ, ಕೇಳೋಕೆ ಬಂದವರು ಯಾರಾದರೂ ಹಚ್ಚಬಹುದು. ಮೊದಲು ಎಣ್ಣೆ, ಆಮೇಲೆ ಮಾತು. ಕಲ್ಲಿನ ಮೇಲೆ ಕೈ ಇಟ್ಟವರು ತಾವಾಗಿ 'ಆಯಿತು' ಅನ್ನೋವರೆಗೆ ಅವರನ್ನ ಯಾರೂ ಮುಟ್ಟೋ ಹಾಗಿಲ್ಲ." ಅಜ್ಜಿ ಒಳಗೆ ಹೋಗಿ ಎಣ್ಣೆಯ ಗಿಂಡಿ ತಂದಳು. ಜೊತೆಗೆ ಒಂದು ಗಂಟು ತಂದಳು. ಹೆಂಡತಿ ಗಂಟು ಬಿಚ್ಚಿ ಮೂಸಿ ನೋಡಿದಳು, ಅಜ್ಜಿಯ ಮುಖ ನೋಡಿದಳು. ಇಬ್ಬರೂ ನಕ್ಕರು.

ನ್ಯಾಯದ ದಿನ ಬಂತು. ಹೊತ್ತು ಏರುವ ಮೊದಲೇ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಬೇರೆಯವರ ಗಳ ನೋಡುವುದೆಂದರೆ ಆ ಊರಿಗೆ ಹಬ್ಬ. ಕಟ್ಟೆಯ ನಡುವೆ ನ್ಯಾಯದ ಕಲ್ಲು. ಕಲ್ಲೆಂದು ನಾವು ಹೇಳಬೇಕು, ನೋಡಿದವರಿಗೆ ಅದು ಕಲ್ಲಿನ ಹಾಗೆ ಕಾಣುತ್ತಿರಲಿಲ್ಲ. ತಲೆತಲಾಂತರದ ಎಣ್ಣೆ, ಅರಿಶಿನ, ಧೂಳು ಮೆತ್ತಿಕೊಂಡು ಹೊಟ್ಟೆ ಬಂದಿತ್ತು, ಗಲ್ಲ ಜೋತಿತ್ತು. ಪಕ್ಕದಲ್ಲಿ ಕುಳಿತಿದ್ದ ಕಟ್ಟೆಯ ಯಜಮಾನನಿಗೂ ಅದಕ್ಕೂ ಒಳ್ಳೆಯ ಹೋಲಿಕೆ ಇತ್ತು. ಈ ಯಜಮಾನ ಯಾವ ತೀರ್ಪು ಕೊಟ್ಟರೂ ಕೊನೆಗೆ "ಕಲ್ಲು ಹೇಳಿದಂತೆ" ಎಂದು ಮುಗಿಸುತ್ತಿದ್ದ. ಕಲ್ಲು ಇದುವರೆಗೆ ಏನನ್ನೂ ಹೇಳಿರಲಿಲ್ಲವಾದ್ದರಿಂದ ಅವನಿಗೆ ಕೆಲಸ ಸುಲಭವಾಗಿತ್ತು.

ಗಂಡ ಆರು ಜನ ಇಳಿಸುವವರನ್ನು ಹಿಂದೆ ಹಾಕಿಕೊಂಡು ಬಂದ. ಅವನ ಕಿರುಬೆರಳಲ್ಲಿ ಬಿದಿರಿನ ಸೀಳು ಹೊಳೆಯುತ್ತಿತ್ತು. ಹೆಂಡತಿ ಗಳ ಹೊತ್ತು, ಗೆರೆ ಎಳೆಯುತ್ತಾ ಬಂದಳು. ಅವಳ ಒಂದು ಕೈ ಹಿಡಿದು ಮಗಳು, ಹಿಂದೆ ಎಣ್ಣೆಯಜ್ಜಿ.

"ನಿನ್ನ ಪರ ಮಾತಾಡೋರು ಯಾರಮ್ಮ?" ಯಜಮಾನ ಕೇಳಿದ.

"ಮೊದಲು ಎಣ್ಣೆ, ಆಮೇಲೆ ಮಾತು ಅಲ್ವೇ ಪದ್ಧತಿ ಯಜಮಾನರೇ?"

ಪದ್ಧತಿ ಎಂದ ಮೇಲೆ ಮುಗಿಯಿತು. ಆ ಊರು ಪದ್ಧತಿ ಎಂದರೆ ಬಾವಿಗೂ ಬೀಳುತ್ತದೆ. ಅವಳು ಗಳವನ್ನು ಹೆಗಲ ಮೇಲೆ ಇಟ್ಟುಕೊಂಡೇ ಬಗ್ಗಿ, ಎಣ್ಣೆ ತೆಗೆದುಕೊಂಡು ಕಲ್ಲಿನ ಮೇಲೆ ಕೈ ಇಟ್ಟಳು. ಒಂದು ಸಲ ಹಚ್ಚಿದಳು. "ಕಲ್ಲೇ ಬಲ್ಲದು" ಎಂದಿತು ಊರು. ಎರಡು ಸಲ ಹಚ್ಚಿದಳು. "ಕಲ್ಲೇ ಬಲ್ಲದು." ಮೂರು ಸಲ ಹಚ್ಚಿದಳು. "ಕಲ್ಲೇ ಬಲ್ಲದು."

ಈಗ ಅವಳು 'ಆಯಿತು' ಎನ್ನಬೇಕು. ಎನ್ನಲಿಲ್ಲ. ಎಡಗೈಯನ್ನು ಕಲ್ಲಿನ ಮೇಲೆಯೇ ಇಟ್ಟು ಬಲಗೈ ಚಾಚಿದಳು. ಅಜ್ಜಿ ಗಂಟು ಬಿಚ್ಚಿ ಕೊಟ್ಟಳು. ಗಂಟಿನಲ್ಲಿ ಸೀಗೆಪುಡಿ, ಒಂದು ಹಿಡಿ ತೆಂಗಿನ ನಾರು, ದೋಸೆ ಮಗುಚುವ ಕೈ.

"ಏನಮ್ಮಾ ಇದು?" ಯಜಮಾನ ಅರ್ಧ ಎದ್ದ.

"ಎಣ್ಣೆ ಹಚ್ಚಿದ ಮೇಲೆ ತಲೆಗೆ ನೀರು ಹಾಕಬೇಡವೇ ಯಜಮಾನರೇ? ನಿಮ್ಮ ಮನೆಯಲ್ಲಿ ಕೂಸಿಗೆ ಎಣ್ಣೆ ಒತ್ತಿ ಹಾಗೇ ಬಿಡ್ತಾರಾ? ಇಷ್ಟು ವರ್ಷ ಎಲ್ಲರೂ ಹಚ್ಚಿದ್ದೇ ಹಚ್ಚಿದ್ದು. ಒಬ್ಬರಾದರೂ ಸ್ನಾನ ಮಾಡಿಸಿದ್ದೀರಾ?"

ಹೆಂಗಸರ ಗುಂಪಿನಲ್ಲಿ ಮಾತು ಎದ್ದಿತು. "ಹೌದಲ್ವೇನೇ, ಎಣ್ಣೆ ಹಚ್ಚಿ ಹಾಗೇ ಬಿಟ್ಟರೆ ನೆಗಡಿ ಆಗುತ್ತೆ" ಎಂದಳು ಒಬ್ಬ ಮುದುಕಿ. "ಪಾಪ, ಎಷ್ಟು ವರ್ಷ ಆಯ್ತೋ" ಎಂದಳು ಇನ್ನೊಬ್ಬಳು. ಆರು ಜನ ಇಳಿಸುವವರೂ ಒಟ್ಟಿಗೇ ಎದ್ದು ನಿಂತರು. ಏಳು ಮೆಟ್ಟಿಲಿನ ಮನೆಯವನು ಬೆರಳೆತ್ತಿ ಬಾಯಿ ತೆರೆದ.

"ಕೂತ್ಕೊಳ್ಳಿ ಸ್ವಾಮಿ" ಎಂದಳು ಅವಳು. "ಹೋದ ಬೇಸಿಗೆ ನೀವು ಕುಡಿದ ಮಜ್ಜಿಗೆ ನೆನಪಿದೆಯಾ? ಶುಂಠಿ ಹಾಕಿದ್ದು? ಅದನ್ನ ಹಂಚಿದ್ದು ಅವರು. ಕಡೆದಿದ್ದು ನಾನು. ನನ್ನ ಮಜ್ಜಿಗೆ ಕುಡಿದು ನನ್ನ ವಿರುದ್ಧ ಬಾಯಿ ಬಿಡ್ತೀರಾ? ನಿಮ್ಮ ಬೀದಿಯ ನೇಮ ಏನಾಯ್ತು?"

ಆರು ಬಾಯಿಗಳ ಮೇಲೂ ಆರು ಬಿಳಿ ಗೆರೆಗಳಿದ್ದವು, ಊರೆಲ್ಲ ನೋಡುತ್ತಿತ್ತು. ಹೊಸಬ ಎಲ್ಲರಿಗಿಂತ ಮೊದಲು ಕುಳಿತ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, ಶಾಲು ಸರಿಮಾಡಿಕೊಳ್ಳುವವರಂತೆ ಮಾಡಿ ಕುಳಿತರು. ಗಂಡ ಮಾತ್ರ ನಿಂತೇ ಇದ್ದ. ಇನ್ನೊಬ್ಬರು ತನ್ನ ಪರ ಮಾತಾಡಿಯೇ ಅಭ್ಯಾಸವಾದವನಿಗೆ ಸ್ವಂತ ಮಾತು ಗಂಟಲಿಗೆ ಬರಲಿಲ್ಲ.

ಅವಳು ಉಜ್ಜಿದಳು. ಮಗುಚುವ ಕೈಯಿಂದ ಕೆರೆದಳು, ಸೀಗೆಪುಡಿ ಹಾಕಿ ನಾರಿನಿಂದ ತಿಕ್ಕಿದಳು. ಎಣ್ಣೆಯ ಪದರಗಳು ಹೆಪ್ಪುಹೆಪ್ಪಾಗಿ ಕಳಚಿ ಕಟ್ಟೆಯ ಮೇಲೆ ಬಿದ್ದವು. ಯಾರ ಯಾರದೋ ಹೆಬ್ಬೆರಳಿನ ಗುರುತುಗಳು, ಯಾರ ಯಾರದೋ ಒಡೆದ ಬಳೆಚೂರುಗಳು ಆ ಪದರಗಳಲ್ಲಿ ಸಿಕ್ಕಿಕೊಂಡಿದ್ದವು. ಎಷ್ಟು ಹೆಂಗಸರು ಅಲ್ಲಿ ನಿಂತು ಎಣ್ಣೆ ಹಚ್ಚಿ, ಕಲ್ಲೇ ಬಲ್ಲದು ಎಂದು ವಾಪಸು ಹೋಗಿದ್ದರೋ. ಮಧ್ಯಾಹ್ನವಾಯಿತು. ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಅವಳು ಸೊಂಟ ನೆಟ್ಟಗೆ ಮಾಡಿ ಸುತ್ತ ನೋಡಿದಳು.

"ನೀರು" ಎಂದಳು.

ಯಾರೂ ಅಲುಗಲಿಲ್ಲ. ಆಗ ಅವಳು ತನ್ನ ಹೆಗಲ ಕಡೆ ನೋಡಿದಳು. ಹಗ್ಗ ಬಿಚ್ಚಿದಳು. ಹನ್ನೆರಡು ವರ್ಷ ಒಂದು ಹನಿ ತುಳುಕದಂತೆ ಹೊತ್ತ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಕಲ್ಲಿನ ತಲೆಯ ಮೇಲೆ ಬೋರಲು ಹಾಕಿದಳು. "ಅಯ್ಯೋ!" ಎಂದಿತು ಊರು. ಮನೆತನದ ಮಾನವೆಲ್ಲ ಸೀಗೆಯ ನೊರೆಯೊಂದಿಗೆ ಹರಿದು ಕಟ್ಟೆಯಿಂದ ಕೆಳಗೆ ಇಳಿಯಿತು. ಅವಳ ಸೀರೆಯ ಸೆರಗೂ ಅಂಚೂ ತೊಯ್ದು ತೊಟ್ಟಿಕ್ಕುತ್ತಿದ್ದವು. ಒಳಗಿನಿಂದ ಬೂದುಬಣ್ಣದ, ತೆಳ್ಳಗಿನ, ಸಾಧಾರಣವಾದ ಒಂದು ಕಲ್ಲು ಹೊರಬಂತು. ಅದರ ಮೈತುಂಬ ಅಕ್ಷರ.

ಅಕ್ಷರಗಳೇನು ಮಂತ್ರದ ಹಾಗಿರಲಿಲ್ಲ. ಉಣ್ಣಲು ಬಾರೋ ಎಂದು ಮಕ್ಕಳನ್ನು ಕರೆಯುವ ಭಾಷೆಯಲ್ಲೇ ಇದ್ದವು. ಅವಳು ಬೆರಳಿಟ್ಟು, ಶಾಲೆಯ ಮಗುವಿನಂತೆ ಕೂಡಿಸಿ ಕೂಡಿಸಿ ಓದಿದಳು.

"ಹೊರಲಾರೆ ಎಂದು ಕೇಳಿದವರಿಗೆ ಗಳ ಇಳಿಸಿಕೊಡತಕ್ಕದ್ದು."

ಎಣ್ಣೆಯಜ್ಜಿ ಕುಳಿತಲ್ಲೇ ಕಣ್ಣು ಮುಚ್ಚಿ, "ಹಾಂ, ಹಾಗೋ" ಎಂದಳು. ಅರವತ್ತು ವರ್ಷದ ವಾಕ್ಯ ಅವಳ ಪಾಲಿಗೆ ಅಂದು ಪೂರ್ತಿಯಾಯಿತು.

"ನಾನು ಒಪ್ಪಿಲ್ಲ! ನಾನು ಒಪ್ಪಿಯೇ ಇಲ್ಲ!" ಗಂಡನ ಗಂಟಲು ಕೊನೆಗೂ ಬಿಟ್ಟಿತು.

ಅವಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಇನ್ನೊಬ್ಬರು ಒಪ್ಪಲಿಲ್ಲವೆಂದು ತಡೆಯಕೂಡದು. ಗಾಯ ತೋರಿಸೆಂದು ಯಾರನ್ನೂ ಅಂಗಳದಲ್ಲಿ ನಿಲ್ಲಿಸಕೂಡದು." ಹುಣ್ಣಿಮೆಯ ಇಳಿಸುವವನು ತನ್ನ ಕಾಲಬೆರಳುಗಳನ್ನು ನೋಡಿಕೊಳ್ಳತೊಡಗಿದ. "ಮಾತಾಡುವವರು ಸಿಗದಿದ್ದರೆ ಊರೇ ಒಬ್ಬರನ್ನು ಕೊಡತಕ್ಕದ್ದು, ಅವರು ಏನನ್ನೂ ಬೇಡಕೂಡದು. ತಂದದ್ದು ತಂದವರದು. ಕೂಡಿ ಕಟ್ಟಿದ್ದು ಇಬ್ಬರದು. ಹೊತ್ತು ಹೊತ್ತು ಬೇರೆ ಏನೂ ಕಲಿಯಲಾಗದವರಿಗೆ, ಹೊರದೆ ಉಳಿದವರು ಅನ್ನವೂ ಸೂರೂ ಒದಗಿಸತಕ್ಕದ್ದು."

ಅಲ್ಲಿಗೆ ಅವಳ ದನಿ ನಿಂತಿತು. ಮುಂದಿನ ಸಾಲಿನಲ್ಲಿ 'ಮಗು' ಎಂಬ ಪದ ಕಂಡಿತ್ತು. ಒದ್ದೆ ಸೀರೆ, ತೆಂಕಣ ಬಾಗಿಲು ಎರಡೂ ಕಣ್ಣ ಮುಂದೆ ಬಂದವು. ಅವಳು ಬೆರಳನ್ನು ಆ ಸಾಲಿಗೆ ಒತ್ತಿ ಓದಿದಳು.

"ಮಗು ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ. ಅದರ ಊಟ, ನಿದ್ದೆ, ಓದು ಎಲ್ಲಿ ಕೆಡುವುದಿಲ್ಲವೋ ಅಲ್ಲಿರತಕ್ಕದ್ದು. ಮಾತು ಬರುವ ಮಗುವಾದರೆ ಅದನ್ನೂ ಕೇಳತಕ್ಕದ್ದು. ಇನ್ನೊಬ್ಬರು ಬಂದು ನೋಡುವ ಬಾಗಿಲನ್ನು ಮುಚ್ಚಕೂಡದು."

ತೆಂಕಣ ಬಾಗಿಲಿನ ಮಾತು ಇರಲಿಲ್ಲ. ಒದ್ದೆ ಸೀರೆಯ ಮಾತು ಇರಲಿಲ್ಲ. ಅವಳು ಮೇಲಿನಿಂದ ಕೆಳಗೆ ಇನ್ನೊಮ್ಮೆ ಹುಡುಕಿದಳು, ಕಲ್ಲಿನ ಬೆನ್ನನ್ನೂ ನೋಡಿದಳು. ಎಲ್ಲೂ ಇರಲಿಲ್ಲ. ಅಷ್ಟು ವರ್ಷ ಅಷ್ಟು ಹೆಂಗಸರನ್ನು ಹೆದರಿಸಿದ ಆ ಮಾತನ್ನು ಯಾರೋ ಬಾಯಲ್ಲೇ ಹುಟ್ಟಿಸಿ, ಬಾಯಲ್ಲೇ ಸಾಕಿದ್ದರು. ಅವಳು ಕಲ್ಲಿನ ಮೇಲಿಂದ ಕೈ ತೆಗೆದಳು.

"ಆಯಿತು" ಎಂದಳು.

ಎಲ್ಲರೂ ಯಜಮಾನನ ಕಡೆ ತಿರುಗಿದರು. ಪಾಪ, ಆ ಮನುಷ್ಯನ ಸಂಕಟ ನೋಡಬೇಕಿತ್ತು. ಹುಟ್ಟಿದಾರಭ್ಯ ಅವನು ಕಲಿತ ತೀರ್ಪಿನ ಮಾತು ಒಂದೇ, ಬೇರೆ ಮಾತು ಬರುತ್ತಿರಲಿಲ್ಲ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಕಲ್ಲು ಹೇಳಿದಂತೆ" ಎಂದ. ಅವನ ಬದುಕಿನಲ್ಲಿ ಆ ಮಾತು ನಿಜವಾದದ್ದು ಅದೇ ಮೊದಲು.

ಆಮೇಲೆ ಅವನು ಮಗಳನ್ನು ಹತ್ತಿರ ಕರೆದ. "ಮಗೂ, ನೀನು ಯಾರ ಹತ್ರ ಇರ್ತೀಯಾ?"

ಮಗಳು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಅಮ್ಮನ ಸೀರೆ ಒದ್ದೆ ಆಗಿದೆ. ನಾವು ಮನೆಗೆ ಹೋಗಬೇಕು" ಎಂದಳು. ಸ್ವಲ್ಪ ಯೋಚಿಸಿ, "ಅಪ್ಪ ಭಾನುವಾರ ಬರಲಿ" ಎಂದು ಸೇರಿಸಿದಳು.

ತಾಯಿ ಗಳವನ್ನು ಹೆಗಲಿನಿಂದ ಇಳಿಸಿ, ಗಂಡನ ಮುಂದೆ ಅಡ್ಡ ಮಲಗಿಸಿದಳು. ಅವನು ಅದನ್ನು ಎತ್ತಲು ಹೋದ. ಯಾವ ಕಡೆ ಹಿಡಿಯಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಒಂದು ತುದಿ ಎತ್ತಿದರೆ ಇನ್ನೊಂದು ತುದಿ ಧೂಳಿನಲ್ಲಿ ಗೆರೆ ಎಳೆಯಿತು. ಹಾಗೆ ಎಳೆದುಕೊಂಡು ಹೋಗುತ್ತಿದ್ದವನನ್ನು ಕಂಡು ಅನ್ಯೋನ್ಯತೆಯ ಮಾತನ್ನು ಯಾರೂ ಆಡಲಿಲ್ಲ.

ತಾಯಿ ಒದ್ದೆ ಸೀರೆಯಲ್ಲೇ ಮಗಳೊಂದಿಗೆ ಊರ ನಡುವಿನ ಬೀದಿಯಲ್ಲಿ ಮನೆಗೆ ನಡೆದಳು. ತೆಂಕಣ ಬಾಗಿಲು ಇನ್ನೊಂದು ದಿಕ್ಕಿನಲ್ಲಿತ್ತು. ಹೆಗಲ ಮೇಲೆ ಏನೂ ಇಲ್ಲದಿದ್ದರೂ ಅವಳು ವಾಲಿಕೊಂಡೇ ನಡೆಯುತ್ತಿದ್ದಳು.

"ಅಮ್ಮ, ಸೊಟ್ಟ ನಡೀತಿದೀಯ" ಎಂದಳು ಮಗಳು.

"ಹೌದೇನೇ?" ತಾಯಿ ನಿಂತು, ಮೈ ನೆಟ್ಟಗೆ ಮಾಡಿಕೊಂಡಳು. ನಾಲ್ಕು ಹೆಜ್ಜೆಗೆ ಮತ್ತೆ ವಾಲಿತು. "ಇರಲಿ ಬಿಡು, ನಿಧಾನಕ್ಕೆ ಸರಿಹೋಗುತ್ತೆ" ಎಂದಳು. ಆಗ ಅವಳಿಗೆ ಅಳು ಬಂತು. ಬೀದಿಯಲ್ಲೇ, ಯಾರನ್ನೂ ಲೆಕ್ಕಿಸದೆ, ಹನ್ನೆರಡು ವರ್ಷದ ಅಳುವನ್ನು ಅತ್ತಳು. ಮಗಳು ಸೆರಗು ಹಿಡಿದುಕೊಂಡು ಕಾಯುತ್ತಾ ನಿಂತಿದ್ದಳು.

ಇಳಿಸುವವರ ಬೀದಿಯವರೇನು ಸುಮ್ಮನಿರುವವರೇ? ಆ ಸಂಜೆಯೇ ಸಭೆ ಸೇರಿದರು. ಕಲ್ಲಿಗೆ ನೆಗಡಿಯಾಗುವ ಸಂಭವ ಇದೆ, ಇನ್ನು ಮೇಲೆ ನ್ಯಾಯದ ದಿನ ಮಾತ್ರವಲ್ಲ, ದಿನಕ್ಕೆ ಮೂರು ಹೊತ್ತೂ ಎಣ್ಣೆ ಹಚ್ಚತಕ್ಕದ್ದು ಎಂದು ತೀರ್ಮಾನ ಮಾಡಿ, ಎಣ್ಣೆಯಜ್ಜಿಗೆ ನೂರು ಗಿಂಡಿ ಎಣ್ಣೆ ಕಳಿಸುವಂತೆ ಹೇಳಿದರು. ಅಜ್ಜಿ ಕಳಿಸಿದಳು. ಅದು ಅವಳ ಕಸುಬು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆಗೆದಾಗ ಬೀದಿಯ ತುದಿಯವರೆಗೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಹೆಗಲಲ್ಲೂ ಗಳ, ಗಳದಲ್ಲಿ ತುಂಬಿದ ಕೊಡ. ಯಾರೂ ಎಣ್ಣೆ ಕೇಳಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಜ್ಜಿಯ ಅಂಗಡಿಯಲ್ಲಿ ಸೀಗೆಪುಡಿ ಮುಗಿದುಹೋಗಿತ್ತು.